ಮಾರಾಟದ ಇ-ಮೇಲ್: ಸಾದಾ ಪತ್ರವೋ, ಅಲಂಕೃತ ಜಾಹೀರಾತೋ?

ಸಣ್ಣ ಕೈಗಾರಿಕೆಗಳ ಲಾಭ-ನಷ್ಟ ಖಾತೆಯಲ್ಲಿ ಕೆಲವು ವರ್ಷಗಳಿಂದೀಚೆಗೆ ಒಂದು ಹೊಸ ಬಾಬತ್ತು ಕಾಣಿಸಿಕೊಳ್ಳುತ್ತಿದೆ. ಕೆಲವರ ಪುಸ್ತಕದಲ್ಲಿ ಅದು ‘ಡಿಜಿಟಲ್ ಪ್ರಚಾರ ವೆಚ್ಚ’, ಇನ್ನು ಕೆಲವರಲ್ಲಿ ‘ಇ-ಮೇಲ್ ವಿನ್ಯಾಸ ಶುಲ್ಕ’. ಮೊತ್ತ ದೊಡ್ಡದಲ್ಲ, ಆದರೆ ತಿಂಗಳು ತಪ್ಪದೆ ಬರುತ್ತದೆ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ನನ್ನ ಕಕ್ಷಿದಾರರೊಬ್ಬರನ್ನು, ಈ ವೆಚ್ಚದಿಂದ ಬಂದ ಆರ್ಡರ್ ಯಾವುದೆಂದು ಕೇಳಿದೆ. ಅವರು ಉತ್ತರವಾಗಿ ಕಂಪ್ಯೂಟರ್ ತೆರೆದು ತಾವು ಕಳುಹಿಸಿದ ಪತ್ರವನ್ನೇ ತೋರಿಸಿದರು. ನೀಲಿ-ಕಿತ್ತಳೆ ಬಣ್ಣದ ಪಟ್ಟಿ, ನಗುತ್ತಿರುವ ಇಂಜಿನಿಯರನ ಚಿತ್ರ (ಆತ ಅವರ ಕಾರ್ಖಾನೆಯವನಲ್ಲ), ಹೊಳೆಯುವ ಗುಂಡಿ, ಕೆಳಗೆ ಐದಾರು ಜಾಲತಾಣಗಳ ಲಾಂಛನ. “ಸಾರ್, ನೋಡೋಕೆ ದೊಡ್ಡ ಕಂಪನಿ ಥರ ಇಲ್ವಾ?” ಎಂದರು. ಹಾಗೆಯೇ ಇತ್ತು. ಆದರೆ ಅವರು ತಯಾರಿಸುವ ಬುಷ್‌ನ ಅಳತೆ ಏನು, ದರ ಎಷ್ಟು, ಎಷ್ಟು ದಿನಗಳಲ್ಲಿ ಪೂರೈಸುತ್ತಾರೆ ಎಂಬ ಮೂರು ಸಂಗತಿಗಳು ಆ ಪತ್ರದಲ್ಲಿ ಅಕ್ಷರರೂಪದಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದುದೆಲ್ಲವೂ ಚಿತ್ರದೊಳಗೆ.

ಜಾಹೀರಾತಿನ ಕುರಿತು ಬರೆಯಲು ಲೆಕ್ಕಪರಿಶೋಧಕನಿಗೇನು ಅಧಿಕಾರವೆಂದು ಓದುಗರು ಕೇಳಬಹುದು. ಸುತ್ತೋಲೆ ಕಳುಹಿಸಿ ಕಕ್ಷಿದಾರರನ್ನು ಹುಡುಕುವುದನ್ನು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯೇ ನಮ್ಮ ವೃತ್ತಿಗೆ ನಿಷೇಧಿಸಿದೆ. ಆದುದರಿಂದ ಈ ವಿದ್ಯೆಯಲ್ಲಿ ನನಗೆ ಸ್ವಂತ ಅಭ್ಯಾಸವಿಲ್ಲ. ಆದರೆ ಕಳುಹಿಸಿದ ಪತ್ರ ಮುಂದೆ ಏನಾಗುತ್ತದೆ ಎಂಬುದನ್ನು ವಸೂಲಾಗದ ಬಾಕಿ, ದರದ ವಿವಾದ, ಉತ್ತರವಿಲ್ಲದ ಬಾಕಿ ದೃಢೀಕರಣ ಪತ್ರ ಇವುಗಳ ರೂಪದಲ್ಲಿ ನಾವು ನೋಡುತ್ತೇವೆ. ಆ ತುದಿಯಿಂದ ನೋಡಿದಾಗ ಪ್ರಶ್ನೆ ಅಂದದ್ದಲ್ಲ. ಪತ್ರದ ತಿರುಳು ಪತ್ರದೊಳಗೇ ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ಇದು ಸ್ಪಷ್ಟವಾಗಬೇಕಾದರೆ ಇ-ಮೇಲ್‌ನ ಒಳಗನ್ನು ಸ್ವಲ್ಪ ನೋಡಬೇಕು. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಇಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಸಂದೇಶ ಕಳುಹಿಸಿದಾಗಿನಿಂದ ಎರಡು ದಶಕಗಳ ಕಾಲ ಇ-ಮೇಲ್ ಎಂದರೆ ಬರಿಯ ಅಕ್ಷರಗಳು. ಬಣ್ಣವಿಲ್ಲ, ಚಿತ್ರವಿಲ್ಲ. 1992ರಲ್ಲಿ ‘ಮೈಮ್’ ಎಂಬ ಮಾನಕ ಬಂದ ಮೇಲೆ ಒಂದೇ ಪತ್ರದೊಳಗೆ ಹಲವು ಭಾಗಗಳನ್ನು ಇರಿಸುವುದು ಸಾಧ್ಯವಾಯಿತು. ಇಂದು ನಾವು ಕಳುಹಿಸುವ ಅಲಂಕೃತ ಪತ್ರದೊಳಗೆ ಸಾಮಾನ್ಯವಾಗಿ ಎರಡು ಪ್ರತಿಗಳಿರಬೇಕು: ಒಂದು ಸಾದಾ ಅಕ್ಷರದ್ದು, ಇನ್ನೊಂದು ಜಾಲತಾಣದ ಪುಟವನ್ನು ರಚಿಸುವ ಎಚ್‌ಟಿಎಂಎಲ್ ಭಾಷೆಯದ್ದು. ಓದುವವನ ಯಂತ್ರ ತನಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತದೆ. ವಿನ್ಯಾಸಕಾರರಲ್ಲಿ ಎಷ್ಟೋ ಮಂದಿ ಮೊದಲನೆಯ ಪ್ರತಿಯನ್ನು ಖಾಲಿ ಬಿಡುತ್ತಾರೆ, ಇಲ್ಲವೆ ‘ಈ ಪತ್ರ ಕಾಣಿಸದಿದ್ದರೆ ಇಲ್ಲಿ ಒತ್ತಿ’ ಎಂದು ಒಂದು ಸಾಲು ಹಾಕಿ ಮುಗಿಸುತ್ತಾರೆ.

ಇನ್ನು ಚಿತ್ರಗಳು. ಅಲಂಕೃತ ಪತ್ರದ ಚಿತ್ರಗಳು ಬಹುಪಾಲು ಪತ್ರದೊಳಗೆ ಇರುವುದೇ ಇಲ್ಲ. ಅವು ಪ್ರಚಾರ ಸೇವೆ ಒದಗಿಸುವ ಸಂಸ್ಥೆಯ ಸರ್ವರಿನಲ್ಲಿರುತ್ತವೆ. ಪತ್ರದಲ್ಲಿರುವುದು ಅವುಗಳ ವಿಳಾಸ ಮಾತ್ರ. ಓದುವವನು ಪತ್ರ ತೆರೆದಾಗ ಅವು ಅಲ್ಲಿಂದ ಬಂದು ಕಾಣಿಸಿಕೊಳ್ಳುತ್ತವೆ. ಜಿಮೇಲ್ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ತಾನಾಗಿಯೇ ತೋರಿಸುವ ಕ್ರಮ ತಂದಿತು. ಆದರೆ ದೊಡ್ಡ ಕಾರ್ಖಾನೆಗಳ ಕಚೇರಿಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಔಟ್‌ಲುಕ್, ಅಪರಿಚಿತರ ಪತ್ರದ ಚಿತ್ರಗಳನ್ನು ತಡೆಹಿಡಿದು ಖಾಲಿ ಚೌಕಗಳನ್ನು ತೋರಿಸುವುದೇ ವಾಡಿಕೆ. ಅಲ್ಲದೆ ಔಟ್‌ಲುಕ್ 2007ರ ಆವೃತ್ತಿಯಿಂದ ಇ-ಮೇಲ್‌ಗಳನ್ನು ವರ್ಡ್ ತಂತ್ರಾಂಶದ ಮೂಲಕ ತೋರಿಸುವ ಪದ್ಧತಿಗೆ ಹೋಯಿತು. ಆ ಬಗೆಯ ಔಟ್‌ಲುಕ್ ಇರುವ ಕಚೇರಿಯಲ್ಲಿ, ವಿನ್ಯಾಸಕಾರನ ಪರದೆಯ ಮೇಲೆ ಅಚ್ಚುಕಟ್ಟಾಗಿದ್ದ ಕಂಬಸಾಲುಗಳು ಒಂದರ ಮೇಲೊಂದು ಏರಿ ಕುಳಿತಿರುತ್ತವೆ. ಜಿಮೇಲ್‌ನಲ್ಲಿ ಇನ್ನೊಂದು ಮಿತಿಯಿದೆ: ಪತ್ರದ ಸಂಕೇತಭಾಗ ಸುಮಾರು 102 ಕಿಲೋಬೈಟ್ ಮೀರಿದರೆ ಅದು ಉಳಿದುದನ್ನು ಕತ್ತರಿಸಿ, ‘ಪೂರ್ಣ ಸಂದೇಶ ನೋಡಿ’ ಎಂಬ ಕೊಂಡಿ ಕೊಡುತ್ತದೆ. ಕೆಳಗೆ ಬರೆದ ಷರತ್ತುಗಳು, ದೂರವಾಣಿ ಸಂಖ್ಯೆ ಎಲ್ಲವೂ ಕತ್ತರಿಯ ಆಚೆಗೆ. ಸಾದಾ ಪತ್ರ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕಾದರೂ, ಮೂವತ್ತು ಸಾವಿರಕ್ಕೂ ಹೆಚ್ಚು ಸಂಕೇತಗಳು ಅದರೊಳಗೆ ಹಿಡಿಸುತ್ತವೆ. ಅಷ್ಟುದ್ದದ ವ್ಯಾಪಾರ ಪತ್ರವನ್ನು ಯಾರೂ ಓದುವುದಿಲ್ಲವೆನ್ನುವುದು ಬೇರೆ ಮಾತು.

ಇಷ್ಟು ತಾಂತ್ರಿಕ ಸಂಗತಿ ಸಾಕು. ಪತ್ರವನ್ನು ಓದುವವರು ಯಾರು ಎಂಬುದು ಇದಕ್ಕಿಂತ ಮುಖ್ಯ.

ಹೊಸಕೋಟೆ, ನರಸಾಪುರ, ಮಾಲೂರು ಈ ಮೂರು ಕಡೆಯ ಕೈಗಾರಿಕಾ ಪ್ರದೇಶಗಳ ನಡುವೆ ಇರುವ ನಮ್ಮ ಸಣ್ಣ ಘಟಕಗಳು ಮಾರುವುದು ಗೃಹಿಣಿಗಲ್ಲ, ದಾರಿಹೋಕನಿಗೂ ಅಲ್ಲ. ಕೊಳ್ಳುವವನು ದೊಡ್ಡ ಕಾರ್ಖಾನೆಯ ಖರೀದಿ ವಿಭಾಗದ ಅಧಿಕಾರಿ. ಇಲ್ಲವೆ ಗೋದಾಮಿಗೆ ರ‍್ಯಾಕು, ಪ್ಯಾಲೆಟ್ಟು, ರಟ್ಟಿನ ಪೆಟ್ಟಿಗೆ ತರಿಸುವ ವ್ಯವಸ್ಥಾಪಕ. ಆತನ ಮೇಜಿನ ಮೇಲೆ ನಿತ್ಯವೂ ಪತ್ರಗಳ ರಾಶಿ. ನಿಮ್ಮ ಪತ್ರ ಬಂದ ದಿನವೇ ಆತನಿಗೆ ನಿಮ್ಮ ಮಾಲು ಬೇಕಾಗಿರುವುದು ಅಪರೂಪ. ಬೇಕಾಗುವುದು ಮೂರು ತಿಂಗಳ ನಂತರ, ಈಗಿನ ಸರಬರಾಜುದಾರ ಕೈಕೊಟ್ಟಾಗ. ಆಗ ಆತ ಮಾಡುವ ಮೊದಲ ಕೆಲಸ ತನ್ನ ಇ-ಮೇಲ್ ಪೆಟ್ಟಿಗೆಯಲ್ಲಿ ‘ಬ್ರಾಂಜ್ ಬುಷ್ 25’ ಎಂದು ಬರೆದು ಹುಡುಕುವುದು. ಅಕ್ಷರದಲ್ಲಿ ಬರೆದ ಪತ್ರ ಎದ್ದು ಬರುತ್ತದೆ. ಚಿತ್ರದೊಳಗಿನ ಅಕ್ಷರವನ್ನು ನೆಚ್ಚಿ ಕೂರುವಂತಿಲ್ಲ. ದೊರೆತ ಮೇಲೆ ಆತ ಮೂವರ ದರಗಳನ್ನು ಸೇರಿಸಿ ತುಲನಾತ್ಮಕ ಪಟ್ಟಿ ಸಿದ್ಧಪಡಿಸಬೇಕು. ನಿಮ್ಮ ಸಾಲುಗಳನ್ನು ಎತ್ತಿ ಅಲ್ಲಿಗೆ ಅಂಟಿಸಲು ಬರಬೇಕು. ಮೇಲಧಿಕಾರಿಗೆ ಮುಂದೂಡುವಾಗ ಪತ್ರದ ಆಕಾರ ಕೆಡಬಾರದು. ಇದ್ಯಾವುದೂ ಬಣ್ಣದ ಪಟ್ಟಿಯಿಂದ ಆಗದು. ನಮ್ಮ ತಾತಂದಿರ ಕಾಲದ ಮಂಡಿ ವರ್ತಕರು ‘ಉಭಯ ಕುಶಲೋಪರಿ’ ಎಂದು ಆರಂಭಿಸಿ ಎರಡನೆಯ ಸಾಲಿಗೇ ಧಾರಣೆಗೆ ಬರುತ್ತಿದ್ದರು, ಕಾರ್ಡಿನಲ್ಲಿ ಜಾಗವಿರಲಿಲ್ಲ. ಜಾಗದ ಕೊರತೆ ಕಲಿಸಿದ ಶಿಸ್ತು ಅದು.

ಈಗ ನನ್ನ ವೃತ್ತಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ವ್ಯಾಪಾರದ ಇ-ಮೇಲ್ ಕೇವಲ ಪ್ರಚಾರವಲ್ಲ, ಅದು ದಾಖಲೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 4ನೆಯ ಕಲಮಿನ ಪ್ರಕಾರ, ಕಾನೂನು ‘ಲಿಖಿತ’ವಾಗಿರಬೇಕೆಂದು ಕೇಳುವ ಕಡೆ ವಿದ್ಯುನ್ಮಾನ ರೂಪವೂ ಸಾಕು, ಆದರೆ ಅದು ಮುಂದೆ ಪರಾಮರ್ಶೆಗೆ ಬಳಸಲು ದೊರೆಯುವಂತಿರಬೇಕು. ಈ ಕೊನೆಯ ಮಾತನ್ನು ಗಮನಿಸಬೇಕು. ದರಪಟ್ಟಿಯ ಚಿತ್ರ ಪ್ರಚಾರ ಸಂಸ್ಥೆಯ ಸರ್ವರಿನಲ್ಲಿದೆ ಎಂದಿಟ್ಟುಕೊಳ್ಳೋಣ. ಮುಂದಿನ ವರ್ಷ ನೀವು ಆ ಸಂಸ್ಥೆಗೆ ಚಂದಾ ಕಟ್ಟುವುದನ್ನು ನಿಲ್ಲಿಸಿದಿರಿ, ಅಥವಾ ಆ ಸಂಸ್ಥೆಯೇ ಬಾಗಿಲು ಹಾಕಿತು. ಚಿತ್ರ ಅಲ್ಲಿಂದ ಅಳಿಸಿಹೋದರೆ, ಗಿರಾಕಿಯ ಪೆಟ್ಟಿಗೆಯಲ್ಲಿರುವ ನಿಮ್ಮ ಹಳೆಯ ಪತ್ರವೂ ಖಾಲಿ. ಅದಕ್ಕಿಂತ ಕೆಟ್ಟ ಸಾಧ್ಯತೆಯೂ ಇದೆ. ಅದೇ ಹೆಸರಿನ ಕಡತಕ್ಕೆ ಹೊಸ ದರದ ಚಿತ್ರವನ್ನು ಹಾಕಿದರೆ, ಹೋದ ವರ್ಷದ ತಾರೀಖಿನ ಪತ್ರದಲ್ಲಿ ಈ ವರ್ಷದ ದರ ಕಾಣಿಸಬಹುದು! ಇಂತಹ ಕಾಗದವನ್ನು ಯಾವ ಲೆಕ್ಕಪರಿಶೋಧಕ ತಾನೇ ವೋಚರ್ ಎಂದು ಒಪ್ಪಿಯಾನು?

ಇ-ಮೇಲ್‌ನ ಮೇಲೆ ಎಷ್ಟು ದೊಡ್ಡ ವ್ಯವಹಾರ ನಿಲ್ಲಬಹುದು ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣದಲ್ಲಿ ನೀಡಿದ ತೀರ್ಪು ಉದಾಹರಣೆ. ಹಡಗಿನಲ್ಲಿ ಬಾಕ್ಸೈಟ್ ಪೂರೈಸುವ ವ್ಯವಹಾರ. ವಿಧಿವತ್ತಾಗಿ ಸಹಿಮಾಡಿದ ಕರಾರುಪತ್ರವಿರಲಿಲ್ಲ. ಇ-ಮೇಲ್‌ನಲ್ಲಿ ಕಳುಹಿಸಿದ ಪ್ರಸ್ತಾವ, ಇ-ಮೇಲ್‌ನಲ್ಲೇ ಬಂದ ಒಪ್ಪಿಗೆ ಇವುಗಳಿಂದಲೇ ಕರಾರು ಏರ್ಪಟ್ಟಿದೆ ಎಂದು ನ್ಯಾಯಾಲಯ ಹೇಳಿತು. ಅಲ್ಲಿ ಕೆಲಸಕ್ಕೆ ಬಂದುದು ಅಕ್ಷರದಲ್ಲಿ ಬರೆದ ಪ್ರಮಾಣ, ದರ ಮತ್ತು ಷರತ್ತುಗಳು.

ಇದರ ಇನ್ನೊಂದು ಮುಖವೂ ಇದೆ. 1872ರ ಕರಾರು ಕಾಯಿದೆಯಡಿ ‘ಪ್ರಸ್ತಾವ’ ಬೇರೆ, ‘ಪ್ರಸ್ತಾವಕ್ಕೆ ಆಹ್ವಾನ’ ಬೇರೆ. ಸಾವಿರ ಜನರಿಗೆ ಒಂದೇ ಸಮನೆ ಹೋಗುವ ಬಣ್ಣದ ದರಪಟ್ಟಿ ಸಾಮಾನ್ಯವಾಗಿ ಆಹ್ವಾನ ಮಾತ್ರ. ಹೆಸರು ಹಿಡಿದು ಒಬ್ಬರಿಗೆ ಬರೆದು, ಇಷ್ಟು ನಗ, ಈ ದರ, ಇಷ್ಟು ದಿನ ಎಂದು ತಿಳಿಸಿದ ಪತ್ರ ಪ್ರಸ್ತಾವವಾಗಬಲ್ಲದು. ಗಿರಾಕಿ ‘ಒಪ್ಪಿದೆ’ ಎಂದು ಒಂದು ಸಾಲು ಬರೆದರೆ ನೀವು ಕಟ್ಟುಬಿದ್ದಂತೆ. ಆದುದರಿಂದ ಸಾದಾ ಪತ್ರ ಬರೆಯುವವರು ದರದ ಪಕ್ಕದಲ್ಲಿ ಅದು ಯಾವ ತಾರೀಖಿನವರೆಗೆ ಊರ್ಜಿತವೆಂದು ಬರೆಯಲು ಮರೆಯಬಾರದು. ತಾಮ್ರ, ತವರಗಳ ಬೆಲೆ ವಾರಕ್ಕೊಮ್ಮೆ ಏರಿಳಿಯುವ ಕಾಲದಲ್ಲಿ ಈ ಒಂದು ಸಾಲು ಬಿಟ್ಟುಹೋದರೆ ನಷ್ಟ ಅಲಂಕಾರದ ಶುಲ್ಕಕ್ಕಿಂತ ದೊಡ್ಡದು.

ಇಲ್ಲೇ ಇನ್ನೊಂದು ಮಾತು. 2013ರ ಕಂಪನಿ ಕಾಯಿದೆಯ 12ನೆಯ ಕಲಮು ಕಂಪನಿಯ ವ್ಯವಹಾರ ಪತ್ರಗಳಲ್ಲಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿ ಗುರುತಿನ ಸಂಖ್ಯೆ, ದೂರವಾಣಿ, ಇ-ಮೇಲ್ ಇವು ಇರಬೇಕೆನ್ನುತ್ತದೆ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳಿಗೂ 2008ರ ಕಾಯಿದೆಯಲ್ಲಿ ಇಂತಹುದೇ ನಿಯಮವಿದೆ. ಇ-ಮೇಲ್ ಕೂಡ ವ್ಯವಹಾರ ಪತ್ರವೇ ಎಂದು ಭಾವಿಸಿ ನಡೆಯುವುದು ಕ್ಷೇಮ. ನಾನು ನೋಡಿದ ಎಷ್ಟೋ ಅಲಂಕೃತ ಪತ್ರಗಳಲ್ಲಿ ಜಾಲತಾಣಗಳ ಲಾಂಛನಗಳಿಗೆ ಜಾಗವಿತ್ತು, ನೋಂದಾಯಿತ ವಿಳಾಸಕ್ಕೆ ಇರಲಿಲ್ಲ.

ಉದ್ಯಮ್ ನೋಂದಣಿ ಸಂಖ್ಯೆಯನ್ನಂತೂ ಪ್ರತಿಯೊಬ್ಬ ಸಣ್ಣ ತಯಾರಕರೂ ಮೊದಲ ಪತ್ರದಿಂದಲೇ ಅಕ್ಷರದಲ್ಲಿ ಬರೆಯಬೇಕು. 2006ರ ಎಂಎಸ್‌ಎಂಇ ಕಾಯಿದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ತಡೆಯುವಂತಿಲ್ಲ. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ. 2023ರ ಹಣಕಾಸು ಕಾಯಿದೆಯು ಆದಾಯ ತೆರಿಗೆಯಲ್ಲಿ ಇದಕ್ಕೆ ಇನ್ನಷ್ಟು ಬಲ ತಂದಿತು. 2024–25ನೆಯ ಕರನಿರ್ಧಾರಣಾ ವರ್ಷದಿಂದ, ಅವಧಿ ಮೀರಿ ಉಳಿಸಿಕೊಂಡ ಇಂತಹ ಬಾಕಿಯನ್ನು ಕೊಳ್ಳುವವನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಬಹುದು. (ಬರಿಯ ವ್ಯಾಪಾರ ಮಾಡುವವರಿಗೆ 2021ರಿಂದ ಉದ್ಯಮ್ ನೋಂದಣಿ ದೊರೆತರೂ ಅದು ಆದ್ಯತಾ ವಲಯದ ಸಾಲದ ಮಟ್ಟಿಗೆ; ವಿಳಂಬ ಪಾವತಿಯ ರಕ್ಷಣೆ ತಯಾರಕರಿಗೂ ಸೇವಾ ಉದ್ಯಮಗಳಿಗೂ ಸೀಮಿತ.) ವಿವಾದ ಬಂದಾಗ ಕೊಳ್ಳುವವರು ಮೊದಲು ಆಡುವ ಮಾತು, ‘ನೀವು ಸಣ್ಣ ಉದ್ಯಮವೆಂದು ನಮಗೆ ತಿಳಿದಿರಲಿಲ್ಲ’ ಎಂಬುದು. ತಾರೀಖುಳ್ಳ, ಅಕ್ಷರದಲ್ಲಿರುವ, ಹುಡುಕಿದರೆ ಸಿಗುವ ಪತ್ರ ಆಗ ನಿಮ್ಮ ಕೈಯಲ್ಲಿರಬೇಕು.

ಹಾಗಾದರೆ ಪತ್ರ ಹೇಗಿರಬೇಕು? ಒಂದು ಮಾದರಿ ಕೊಡುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. ವಿಷಯ: ‘ಫಾಸ್ಫರ್ ಬ್ರಾಂಜ್ ಬುಷ್, ಒಳವ್ಯಾಸ 25 ಮಿ.ಮೀ., ದರ ಹಾಗೂ ಪೂರೈಕೆಯ ಅವಧಿ.’ ಒಡಲು: ‘ಮಾನ್ಯರೇ, ತಮ್ಮ ನಿರ್ವಹಣಾ ವಿಭಾಗ ಬಳಸುವ ಮೇಲ್ಕಂಡ ಅಳತೆಯ ಬುಷ್‌ಗಳನ್ನು ನಾವು ಜಡಿಗೇನಹಳ್ಳಿಯ ನಮ್ಮ ಘಟಕದಲ್ಲಿ ತಯಾರಿಸುತ್ತೇವೆ. ಕನಿಷ್ಠ 500 ನಗಗಳಿಗೆ ತಲಾ ರೂ. 148, ಜಿಎಸ್‌ಟಿ ಪ್ರತ್ಯೇಕ. ಆದೇಶ ಬಂದ 12 ದಿನಗಳಲ್ಲಿ ತಮ್ಮ ಕಾರ್ಖಾನೆಯ ಬಾಗಿಲಿಗೆ ತಲುಪಿಸುತ್ತೇವೆ. ಈ ದರ ಈ ತಿಂಗಳ ಕೊನೆಯ ದಿನದವರೆಗೆ ಊರ್ಜಿತ. ಎರಡು ಮಾದರಿ ನಗಗಳನ್ನು ಉಚಿತವಾಗಿ ಕಳುಹಿಸಲು ಸಿದ್ಧರಿದ್ದೇವೆ. ಈ ಪತ್ರಕ್ಕೆ ಒಂದು ಸಾಲಿನ ಉತ್ತರ ಬರೆದರೆ ಸಾಕು.’ ಕೆಳಗೆ ಬರೆದವರ ಹೆಸರು, ಹುದ್ದೆ, ಸಂಸ್ಥೆ, ವಿಳಾಸ, ಜಿಎಸ್‌ಟಿ ಸಂಖ್ಯೆ, ಉದ್ಯಮ್ ಸಂಖ್ಯೆ, ದೂರವಾಣಿ. ಕ್ಯಾಟಲಾಗ್ ಬೇಕಾದವರಿಗೆ ನಿಮ್ಮ ಜಾಲತಾಣದ ಒಂದು ಕೊಂಡಿ. ಇದನ್ನು ಬರೆಯಲು ವಿನ್ಯಾಸಕಾರ ಬೇಕಿಲ್ಲ, ತನ್ನ ಮಾಲನ್ನು ಬಲ್ಲ ಮಾಲೀಕ ಬೇಕು. ದೊಡ್ಡ ಕಂಪನಿಯಂತೆ ಕಾಣುವ ಪತ್ರದಲ್ಲಿ ಇಲ್ಲದಿದ್ದುದು ಇದೇ.

ಸಾದಾ ಎಂದರೆ ಒರಟು ಎಂದು ಯಾರೂ ಅರ್ಥಮಾಡಬಾರದು. ವಿಷಯದ ಸಾಲಿಲ್ಲದೆ, ಎಲ್ಲವೂ ದಪ್ಪ ಅಕ್ಷರದಲ್ಲಿ, ‘ಡಿಯರ್ ಸರ್ ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಎಂಬ ಒಂದೇ ಸಾಲು ಬರೆದು ಹತ್ತು ಪುಟದ ಪಿಡಿಎಫ್ ಲಗತ್ತಿಸುವುದು ಸಾದಾತನವಲ್ಲ, ಸೋಮಾರಿತನ. ಹತ್ತಾರು ಅಳತೆಗಳಿಗೆ ಬೇರೆಬೇರೆ ದರವಿದ್ದರೆ ಬರಿಯ ಅಕ್ಷರದ ಪತ್ರದಲ್ಲಿ ಕಂಬಸಾಲುಗಳು ವಕ್ರವಾಗುವುದೂ ನಿಜ. ಅಲ್ಲಿ ಒಂದು ಸರಳ ಕೋಷ್ಟಕ ಇರಲಿ. ಬೇಕಿದ್ದರೆ ಮೇಲೆ ಚಿಕ್ಕದೊಂದು ಲಾಂಛನವೂ ಇರಲಿ. ಚಿತ್ರಗಳೆಲ್ಲ ಮಾಯವಾದರೂ ಪತ್ರದ ಅರ್ಥ ಮಾಯವಾಗಬಾರದು, ಅಷ್ಟೇ. ಕಳುಹಿಸುವ ಮುನ್ನ ಚಿತ್ರಗಳನ್ನು ತಡೆದು ಒಮ್ಮೆ, ಮೊಬೈಲ್‌ನಲ್ಲಿ ಒಮ್ಮೆ, ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ಒಮ್ಮೆ ನೋಡಿದರೆ ಸಾಕು.

ಅಲಂಕಾರಕ್ಕೂ ಅದರದೇ ಸ್ಥಾನವಿದೆ. ಆ ಸ್ಥಾನವನ್ನು ಕರ್ನಾಟಕದವರಾದ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಎಸ್.ಜಿ. ಶಾಸ್ತ್ರಿಯವರು ರೂಪಿಸಿದ ಮೈಸೂರು ಸ್ಯಾಂಡಲ್ ಸೋಪ್ ಒಡವೆಯ ಪೆಟ್ಟಿಗೆಯನ್ನು ಹೋಲುವ ಡಬ್ಬಿಯಲ್ಲಿ, ಅಂಡಾಕಾರದಲ್ಲಿ, ಶರಭದ ಮುದ್ರೆಯೊಂದಿಗೆ ಮಾರುಕಟ್ಟೆಗೆ ಬಂದಿತು. ಕೊಳ್ಳುವವನು ಅಂಗಡಿಯಲ್ಲಿ ನಿಂತು ಕೈಯಲ್ಲಿ ಹಿಡಿಯುವ ವಸ್ತು ಅದು. ನೋಟವೇ ಅರ್ಧ ವ್ಯಾಪಾರ. ರೇಷ್ಮೆ ಸೀರೆ, ಉಡುಗೊರೆಯ ಸಾಮಗ್ರಿ, ಪೀಠೋಪಕರಣ ಇವುಗಳನ್ನು ನೇರವಾಗಿ ಬಳಕೆದಾರರಿಗೆ ಮಾರುವವರು ಚಿತ್ರವಿಲ್ಲದ ಪತ್ರ ಕಳುಹಿಸಿದರೆ ಯಾರೂ ತಿರುಗಿ ನೋಡರು. ಸೀರೆಯ ಸೆರಗನ್ನು ಅಕ್ಷರದಲ್ಲಿ ವರ್ಣಿಸಿ ಮಾರಲಾಗದು. ಅವರಿಗೂ ನನ್ನ ಬೇಡಿಕೆ ಇಷ್ಟೇ: ಬೆಲೆ, ಅಳತೆ, ಹಿಂದಿರುಗಿಸುವ ನಿಯಮ ಇವುಗಳನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಬರೆಯಿರಿ. ಕಣ್ಣು ಕಾಣದವರು ಬಳಸುವ ಓದು-ತಂತ್ರಾಂಶಕ್ಕೂ ಅದು ಬೇಕು.

ಇದುವರೆಗೆ ಹೇಳಿದುದಕ್ಕಿಂತ ಗಂಭೀರವಾದ ಹಾನಿ ಬೇರೊಂದಿದೆ. ಅಲಂಕೃತ ಪತ್ರದ ಸೇವೆ ಕೊಂಡವರು ಅಲ್ಲಿಗೇ ನಿಲ್ಲುವುದಿಲ್ಲ. ಪತ್ರ ಸಿದ್ಧವಾದ ಮೇಲೆ ಸಾವಿರಾರು ವಿಳಾಸ ಬೇಕೆನಿಸುತ್ತದೆ. ಹಣ ಕೊಟ್ಟು ವಿಳಾಸಪಟ್ಟಿ ಕೊಳ್ಳುತ್ತಾರೆ. ಪಡೆದವರಲ್ಲಿ ಹಲವರು ಅದನ್ನು ‘ಸ್ಪ್ಯಾಮ್’ ಎಂದು ಗುರುತಿಸುತ್ತಾರೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಗಟು ಪತ್ರ ಕಳುಹಿಸುವವರಿಗೆ ಕಟ್ಟುನಿಟ್ಟಿನ ನಿಯಮ ಜಾರಿಗೆ ತಂದವು. ಕಳುಹಿಸುವ ವಿಳಾಸದ ಅಧಿಕೃತತೆಯನ್ನು ಎಸ್‌ಪಿಎಫ್, ಡಿಕೆಐಎಂ ಮೊದಲಾದ ವ್ಯವಸ್ಥೆಗಳಿಂದ ಸಾಬೀತುಪಡಿಸಬೇಕು. ಬೇಡವೆನ್ನುವವರು ಒಂದೇ ಒತ್ತಿನಲ್ಲಿ ಬಿಡುಗಡೆ ಹೊಂದುವಂತಿರಬೇಕು. ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3ನ್ನು ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು ದೂರು. ದೂರು ಹೆಚ್ಚಿದಂತೆ ಕೆಡುವುದು ಆ ಒಂದು ಪ್ರಚಾರ ಪತ್ರದ ಹೆಸರಲ್ಲ, ನಿಮ್ಮ ಸಂಸ್ಥೆಯ ವಿಳಾಸದ ಹೆಸರು. ಅದೇ ವಿಳಾಸದಿಂದ ನಿಮ್ಮ ಬಿಲ್ಲುಗಳು ಹೋಗುತ್ತವೆ, ಬಾಕಿಯ ಜ್ಞಾಪನಾ ಪತ್ರಗಳು ಹೋಗುತ್ತವೆ, ಮಾರ್ಚ್ ಮುಗಿದ ಮೇಲೆ ನಾವು ಕೇಳುವ ಬಾಕಿ ದೃಢೀಕರಣ ಪತ್ರಗಳೂ ಹೋಗುತ್ತವೆ. ಅವೂ ಗಿರಾಕಿಯ ಕಸದ ಪೆಟ್ಟಿಗೆಗೆ ಬೀಳತೊಡಗಿದರೆ, 45 ದಿನದ ಲೆಕ್ಕ ಹಾಕುವುದಾದರೂ ಹೇಗೆ? ಪ್ರಚಾರಕ್ಕೆ ಖರ್ಚುಮಾಡಿದುದು ಸಾವಿರಗಳಲ್ಲಿ, ತಡೆದುಹೋದ ವಸೂಲಿ ಲಕ್ಷಗಳಲ್ಲಿ.

ನಮ್ಮಲ್ಲಿ ಬಹುಮಂದಿ ಇಂದಿಗೂ ಉಚಿತ ಜಿಮೇಲ್ ವಿಳಾಸದಿಂದಲೇ ವ್ಯವಹಾರ ನಡೆಸುತ್ತಾರೆ. ಅದರಿಂದ ದಿನಕ್ಕೆ 500 ಜನರಿಗಿಂತ ಹೆಚ್ಚಿನವರಿಗೆ ಕಳುಹಿಸುವಂತಿಲ್ಲ. ಬೇರೆ ಪ್ರಚಾರ ಸೇವೆಯ ಮೂಲಕ ಜಿಮೇಲ್ ವಿಳಾಸವನ್ನು ‘ಇಂದ’ ಎಂದು ತೋರಿಸಿ ಕಳುಹಿಸಿದರೆ, ಅಂತಹ ಪತ್ರಗಳನ್ನು ಸಂಶಯದಿಂದ ಬದಿಗಿಡುವಂತೆ ಗೂಗಲ್ ತಾನೇ ವ್ಯವಸ್ಥೆ ಮಾಡಿದೆ. ಪ್ರತಿ ತಿಂಗಳ ವಿನ್ಯಾಸ ಶುಲ್ಕಕ್ಕೆ ಬದಲು ಸಂಸ್ಥೆಯ ಹೆಸರಿನಲ್ಲಿ ಒಂದು ಡೊಮೇನ್ ಪಡೆದು, ಮೇಲ್ಕಂಡ ಅಧಿಕೃತತೆಯ ವ್ಯವಸ್ಥೆಯನ್ನು ಒಮ್ಮೆ ಸರಿಯಾಗಿ ಮಾಡಿಸಿಕೊಳ್ಳುವುದು ಉಪಯುಕ್ತ ವೆಚ್ಚ. ಕೊಂಡ ವಿಳಾಸಪಟ್ಟಿಯ ಬಗ್ಗೆ ಇನ್ನೊಂದು ಎಚ್ಚರಿಕೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಅವುಗಳ ಜಾರಿ ಹಂತಹಂತವಾಗಿ. ವ್ಯಕ್ತಿಯ ಹೆಸರಿರುವ ಕಚೇರಿಯ ಇ-ಮೇಲ್ ವಿಳಾಸವೂ ವೈಯಕ್ತಿಕ ದತ್ತಾಂಶವೇ.

ಪ್ರಚಾರ ಸಂಸ್ಥೆಗಳು ತಿಂಗಳ ಕೊನೆಗೆ ಒಂದು ವರದಿ ಕಳುಹಿಸುತ್ತವೆ: ಇಷ್ಟು ಜನ ನಿಮ್ಮ ಪತ್ರ ತೆರೆದರು, ಎಂದು. ಈ ಅಂಕಿ ಹುಟ್ಟುವುದು ಪತ್ರದೊಳಗೆ ಅಡಗಿಸಿದ ಕಣ್ಣಿಗೆ ಕಾಣದ ಒಂದು ಚಿತ್ರಬಿಂದುವಿನಿಂದ. ಅದು ಸರ್ವರಿನಿಂದ ಇಳಿದರೆ ‘ತೆರೆದರು’ ಎಂದು ಲೆಕ್ಕ. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಸಂಸ್ಥೆಯು ತನ್ನ ಮೇಲ್ ತಂತ್ರಾಂಶದಲ್ಲಿ ಬಳಕೆದಾರರ ಖಾಸಗಿತನ ಕಾಯಲು, ಅವರು ತೆರೆಯಲಿ ಬಿಡಲಿ, ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳುವ ಏರ್ಪಾಡು ತಂದಿತು. ಅಂದಿನಿಂದ ಆ ಅಂಕಿಗೆ ಹಿಂದಿನ ಬೆಲೆಯಿಲ್ಲ. ಚಿತ್ರಗಳನ್ನು ತಡೆದ ಕಚೇರಿಯಲ್ಲಿ ನಿಮ್ಮ ಪತ್ರವನ್ನು ಶ್ರದ್ಧೆಯಿಂದ ಓದಿದವನು ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ಬದಲಾಗಿ ಹಳೆಯ ಪದ್ಧತಿಯ ಒಂದು ಪುಸ್ತಕವಿಡಿ: ಪತ್ರ ಕಳುಹಿಸಿದ ತಾರೀಖು, ಯಾರಿಗೆ, ಉತ್ತರ ಬಂತೇ, ಮಾದರಿ ಕೇಳಿದರೇ, ಆದೇಶ ಕೊಟ್ಟರೇ, ಹಣ ಎಂದು ಬಂತು. ಸಾದಾ ಪತ್ರವನ್ನು ಐವತ್ತು ಜನರಿಗೆ, ಅಲಂಕೃತ ಪತ್ರವನ್ನು ಇನ್ನೈವತ್ತು ಜನರಿಗೆ ಕಳುಹಿಸಿ ಆರು ತಿಂಗಳು ಈ ಪುಸ್ತಕ ನೋಡಿ. ನಿಮ್ಮ ಮಾಲಿಗೆ ಯಾವುದು ಒಗ್ಗುತ್ತದೆಂದು ನಿಮ್ಮ ಅಂಕಿಯೇ ಹೇಳಲಿ. ನನ್ನ ಮಾತನ್ನಾಗಲಿ ಪ್ರಚಾರ ಸಂಸ್ಥೆಯ ಮಾತನ್ನಾಗಲಿ ನಂಬಬೇಕಿಲ್ಲ.

‘ಈಗ ಎಲ್ಲವೂ ವಾಟ್ಸಾಪ್, ಇ-ಮೇಲ್ ಯಾರು ನೋಡುತ್ತಾರೆ?’ ಎಂಬ ಆಕ್ಷೇಪ ಬರುತ್ತದೆ. ಅಂಗಡಿಯಿಂದ ಅಂಗಡಿಗೆ ನಡೆಯುವ ವ್ಯಾಪಾರದಲ್ಲಿ ಅದು ಬಹುಮಟ್ಟಿಗೆ ನಿಜ. ಆದರೆ ಖರೀದಿ ಆದೇಶ, ಗುಣಮಟ್ಟದ ದೂರು, ಪಾವತಿಯ ಸೂಚನೆ ಇವು ದೊಡ್ಡ ಕಾರ್ಖಾನೆಗಳಿಂದ ಇಂದಿಗೂ ಇ-ಮೇಲ್‌ನಲ್ಲೇ ಬರುತ್ತವೆ.

ಕೊನೆಯದಾಗಿ ಕನ್ನಡದ ಮಾತು. ಕೃಷಿ ಉಪಕರಣ, ಪಂಪು, ಹನಿ ನೀರಾವರಿ ಸಾಮಗ್ರಿ ತಯಾರಿಸುವವರು ಚಿಂತಾಮಣಿ, ಕೋಲಾರ, ಚಿಕ್ಕಬಳ್ಳಾಪುರಗಳ ವಿತರಕರಿಗೆ ಕನ್ನಡದಲ್ಲಿ ಬರೆಯುವುದು ಸಹಜ, ಯೋಗ್ಯ. ಆದರೆ ಹಲವು ಕಚೇರಿಗಳಲ್ಲಿ ದರಪಟ್ಟಿಗಳು ಇಂದಿಗೂ ಹಳೆಯ ‘ನುಡಿ’ ಅಥವಾ ‘ಬರಹ’ ಅಕ್ಷರಶೈಲಿಯಲ್ಲಿ, ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಕುಳಿತಿವೆ. ಅವನ್ನು ಇ-ಮೇಲ್‌ಗೆ ಅಂಟಿಸಿದರೆ ಎದುರಿನವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಆ ತೊಂದರೆಯಿಂದ ಪಾರಾಗಲೆಂದೇ ಕನ್ನಡ ಪತ್ರವನ್ನು ಚಿತ್ರವಾಗಿಸಿ ಕಳುಹಿಸುವ ಅಭ್ಯಾಸ ಒಂದು ಕಾಲದಲ್ಲಿ ಬೆಳೆಯಿತು. ಕಾರಣ ಹೋದರೂ ಅಭ್ಯಾಸ ಉಳಿದಿದೆ. ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ 1991ರಿಂದಲೇ ಸ್ಥಾನವಿದೆ, ಇಂದಿನ ಪ್ರತಿ ಮೊಬೈಲ್‌ನಲ್ಲೂ ಅದು ಓದಲು ಬರುತ್ತದೆ. ನುಡಿಯಿಂದಲೂ ಬರಹದಿಂದಲೂ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನೂ, ಅವಕ್ಕಿಂತ ಮುಖ್ಯವಾಗಿ ದರದ ಅಂಕಿಗಳನ್ನೂ ಮೂಲದೊಂದಿಗೆ ಇಬ್ಬರು ಕುಳಿತು, ಒಬ್ಬರು ಓದಿ ಒಬ್ಬರು ನೋಡಿ, ತಾಳೆಹಾಕಿಕೊಳ್ಳಬೇಕು.